ಗ್ರೀನ್ ಬಂದ್ರೆ ಓಕೆ

ಬೈರಾಪಟ್ಟಣ
ಭಾನುವಾರ, 12-1-2025

ಸಿರಿಯ ಅಪ್ಪನವರಿಗೆ ಪ್ರತಿಮಾಳ ನಮಸ್ಕಾರ.

ನೀವು ಪುಣೆಯಲ್ಲಿ ಕ್ಷೇಮವೆಂದು ನಂಬಿದ್ದೇನೆ. ಕೆಮ್ಮು ಇಳಿಯಿತೇ? ಕ್ಯಾಂಟೀನಿನ ಎಣ್ಣೆ ತಿಂದು ಬರುವ ಕೆಮ್ಮಿಗೂ ಯಾವುದಾದರೂ ಆ್ಯಪ್ ಇದ್ದೇ ಇರುತ್ತದೆ, ಹುಡುಕಿ ನೋಡಿ. ನಾನೂ ಸಿರಿಯೂ ಚೆನ್ನಾಗಿದ್ದೇವೆ. ಮನೆಯೆಲ್ಲ ಅವರೆಕಾಯಿಯ ಸೊಗಡು. ರೇಷ್ಮೆಹುಳುಗಳು ಮೂರನೇ ಜ್ವರ ಮುಗಿಸಿ, ಪೊರೆ ಕಳಚಿ ಎದ್ದು ಸೊಪ್ಪಿಗೆ ಬಾಯಿ ಹಾಕಿವೆ. ಫೋನ್ ಇರುವಾಗ ಕಾಗದವೇಕೆ ಎಂದು ನಗಬೇಡಿ. ಫೋನಿನಲ್ಲಿ ನಾನು ಏನು ಬರೆದರೂ ನೀವು ಹೆಬ್ಬೆರಳು ಎತ್ತಿದ ಚಿತ್ರವೊಂದನ್ನು ಕಳಿಸಿ ಸುಮ್ಮನಾಗುತ್ತೀರಿ. ಡಿಪ್ಲೊಮಾ ಓದಿದ ಹುಡುಗನೆಂದು ನಮ್ಮಪ್ಪ ಹೆಣ್ಣು ಕೊಟ್ಟರು. ಹೆಬ್ಬೆಟ್ಟಿನ ಗಂಡ ಎಂದು ಈಗ ಗೊತ್ತಾಗಿದೆ.

ನಿಮ್ಮ ಅಮ್ಮನ ಬಲಗಣ್ಣಿನ ವಿಷಯಕ್ಕೆ ಬರುತ್ತೇನೆ. ಸಕ್ಕರೆ ಕಾಯಿಲೆಯಿಂದ ಕಣ್ಣಿನ ಹಿಂದಿನ ಪರದೆ ನೀರು ತುಂಬಿ ಊದಿಕೊಂಡಿದೆ, ತಿಂಗಳಿಗೊಮ್ಮೆ ತೋರಿಸಲೇಬೇಕು, ಬೇಕೆನಿಸಿದರೆ ಇಂಜೆಕ್ಷನ್ ಹಾಕುತ್ತೇವೆ, ತಡ ಮಾಡಿದರೆ ಹೋದ ದೃಷ್ಟಿ ಮರಳುವುದು ಕಷ್ಟ ಎಂದು ರಾಮನಗರದ ಡಾಕ್ಟರಮ್ಮ ನಿಮ್ಮೆದುರಿಗೇ ಹೇಳಿದ್ದರು. ನಡುನಡುವೆ ಮನೆಯಲ್ಲಿ ಪರೀಕ್ಷೆ ಮಾಡಿಕೊಳ್ಳಲಿ ಎಂದು ಆ್ಯಪ್ ಹಾಕಿಕೊಟ್ಟರು. ನಡುನಡುವೆ ಎಂದರು, ಆಸ್ಪತ್ರೆಯ ಬದಲಿಗೆ ಎನ್ನಲಿಲ್ಲ. ಆದರೆ ಅದರ ಫಲಿತಾಂಶ ನಿಮ್ಮ ಫೋನಿಗೂ ಬರತೊಡಗಿದ್ದೇ ತಡ, ನೀವೇ ದೊಡ್ಡ ಡಾಕ್ಟರಾಗಿಬಿಟ್ಟಿರಿ. ಹಸಿರು ಬಂದಿದೆ ಎಂದು ಎರಡು ಸಲ ಆಸ್ಪತ್ರೆಗೆ ಫೋನ್ ಮಾಡಿ ಅತ್ತೆಯ ಸರದಿ ರದ್ದು ಮಾಡಿಸಿದಿರಿ. ನಾನು ಬೇಡವೆಂದರೆ "ನಮ್ ಲೈನಲ್ಲೂ ಅಷ್ಟೇ ಕಣೆ, ಗ್ರೀನ್ ಬಂದ್ರೆ ಓಕೆ" ಅಂದಿರಿ. ಕಾರ್ಖಾನೆಯಲ್ಲಿ ದೀಪ ಹಸಿರಾದರೆ ಕಾರು ಮುಂದಕ್ಕೆ ಹೋಗುತ್ತದೆ, ಸರಿ. ನಿಮ್ಮನ್ನು ಹೆತ್ತವಳು ಕಾರಲ್ಲ.

ಇನ್ನು ಆ ಆ್ಯಪಿನ ಘನಂದಾರಿ ಕೇಳಿ. ಅದರೊಳಗಿನ ಹೆಂಗಸು "ವಾಮನೇತ್ರವನ್ನು ಆವರಿಸಿಕೊಳ್ಳಿ" ಎನ್ನುತ್ತಾಳೆ. ಯಾವ ಊರಿನ ಕನ್ನಡವೋ! "ವಾಮ್ನ ಅಂದ್ರೆ ಮೂರಡಿ ಜಾಗ ಕೇಳ್ದೋನಲ್ವೇನೆ? ಅವನ್ಗೂ ನನ್ ಕಣ್ಗೂ ಏನ್ ನಂಟು?" ಎಂದು ಅತ್ತೆ ಕೇಳಿದ್ದರು. ಎಡಗಣ್ಣು ಮುಚ್ಚಿಕೊಂಡು, ಬಲಗಣ್ಣೊಂದರಿಂದಲೇ ನೋಡಿ, ಸಾಲುಗೀಟುಗಳಲ್ಲಿ ಡೊಂಕಾದದ್ದನ್ನು ಬೆರಳಿನಿಂದ ಮುಟ್ಟಬೇಕು, ಅಷ್ಟೆ. ಮೊದಲ ವಾರ ಸಿರಿ ತನ್ನ ಅಂಗೈಯನ್ನು ಅಜ್ಜಿಯ ಕಣ್ಣಿಗೆ ಅಡ್ಡ ಹಿಡಿದು ಆಡಿಸಿದಳು, ಕೆಂಪು ಬಂತು. ಆಗ ನೀವು ಫೋನ್ ಕೂಡ ಮಾಡಲಿಲ್ಲ, "ಅಮ್ಮ ಸರಿಯಾಗಿ ಆಡಿಲ್ಲ, ಮತ್ತೆ ಮಾಡ್ಸು" ಎಂದು ಒಂದು ಸಾಲು ಕಳಿಸಿದಿರಿ. ಕುಣಿಯಲಾರದವಳು ನೆಲ ಡೊಂಕೆಂದ ಹಾಗೆ ನಿಮಗೆ ಯಂತ್ರ ನೆಟ್ಟಗೆ, ಅಮ್ಮ ಡೊಂಕು. ಮುಂದಿನ ವಾರದಿಂದ ಅತ್ತೆ ಯಾರನ್ನೂ ಹತ್ತಿರ ಬಿಟ್ಟುಕೊಳ್ಳದೆ ತಾವೇ ಆಡತೊಡಗಿದರು. ಅಲ್ಲಿಂದ ಪ್ರತಿ ಭಾನುವಾರ ಹಸಿರು, ಪ್ರತಿ ಭಾನುವಾರ ನಿಮ್ಮ ವಿಡಿಯೋ ಕರೆ, "ಸೂಪರ್ ಅಮ್ಮಾ" ಎಂಬ ಚಪ್ಪಾಳೆ.

ಅತ್ತ ನೀವು ಚಪ್ಪಾಳೆ ತಟ್ಟುತ್ತಿದ್ದರೆ ಇತ್ತ ನಿಮ್ಮ ಸೂಪರ್ ಅಮ್ಮ ಕಾಫಿಯನ್ನು ಲೋಟದ ಆಚೆಗೆ ಬಗ್ಗಿಸುತ್ತಿದ್ದರು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅನ್ನುತ್ತಾರೆ, ನಿಮಗೆ ಪುಣೆಯವರೆಗೆ ಇಂಟರ್ನೆಟ್ಟೇ ಬೇಕಾಯಿತು. ಇವತ್ತು ಬೆಳಿಗ್ಗೆ ನಾನು ಹುಳುಮನೆಯ ಕೆಲಸ ಬಿಟ್ಟು ಅವರ ಪಕ್ಕದಲ್ಲಿ ಕೂತೆ. ಅತ್ತೆ ಎಡಗಣ್ಣಿನ ಮೇಲೆ ಸೆರಗು ಎಳೆದುಕೊಂಡರು. ಕೈಯಲ್ಲಿ ಮುಚ್ಚಿ ಎಂದರೆ "ಹುಳ ಮುಟ್ಟಿದ್ ಕೈ ಕಣವ್ವ, ತಟ್ಟೆಗೆ ಉದುರ್ಸಿದ್ ಸುಣ್ಣ ಐತೆ, ಕಣ್ಗೆ ತಗುಲುಸ್ಬಾರ್ದು" ಅಂದರು. ಹುಳುಮನೆಯ ಹೆಂಗಸರೆಲ್ಲ ಪಾಲಿಸುವ ಮಾತೇ ಅದು, ತಪ್ಪೆನ್ನುವ ಹಾಗಿಲ್ಲ. ಆದರೆ ಸೆರಗು ಯಾವುದು? ನೀವು ದೀಪಾವಳಿಗೆ ತಂದ ತೆಳು ವಾಯಿಲ್ ಸೀರೆಯದು. ಫೋನಿನ ಬೆಳಕು ಅದರೊಳಗೆ ತೂರಿ ಎಡಗಣ್ಣಿನ ಪಾಪೆಯ ಮೇಲೆ ಹೊಳೆಯುತ್ತಿತ್ತು. ಇಷ್ಟು ವಾರ ಹಸಿರು ತಂದುಕೊಟ್ಟದ್ದು ಆ ಒಳ್ಳೆಯ ಕಣ್ಣು. ಕೆಟ್ಟ ಕಣ್ಣಿನ ಪರೀಕ್ಷೆ ನಡೆದೇ ಇಲ್ಲ. ನಿಮ್ಮ ಕರೆ ಬಂದಾಗಲೂ ಅತ್ತೆಯ ಮುಖದ ಮೇಲೆಯೇ ಇರುತ್ತಿದ್ದ ಆ ಸೆರಗನ್ನು ನೀವೂ ವಿಡಿಯೋದಲ್ಲಿ ಎಷ್ಟೋ ಸಲ ನೋಡಿದ್ದೀರಿ. ಬೋಲ್ಟಿನ ಮೇಲಿನ ಕೂದಲೆಳೆ ಗೀರನ್ನು ಹಿಡಿಯುವ ಕ್ವಾಲಿಟಿ ಸೂಪರ್‌ವೈಸರ್‌ಗೆ ಹೆತ್ತ ತಾಯಿಯ ಮುಖದ ಮೇಲಿನ ಬಟ್ಟೆ ಕಾಣಲಿಲ್ಲ!

ನನಗೆ ಹೇಸಿಗೆಯಾಗಿದೆ ಎಂದು ಬಾಯಿಬಿಟ್ಟೇ ಹೇಳುತ್ತಿದ್ದೇನೆ. ನಾಳೆ ಅತ್ತೆಯನ್ನು ರಾಮನಗರಕ್ಕೆ ಕರೆದುಕೊಂಡು ಹೋಗುತ್ತೇನೆ. ನಿಮ್ಮ ಅಪ್ಪಣೆ ಕೇಳುತ್ತಿಲ್ಲ, ಕಾಗದ ನಿಮಗೆ ಮುಟ್ಟುವಷ್ಟರಲ್ಲಿ ಡಾಕ್ಟರಮ್ಮ ನೋಡಿ ಆಗಿರುತ್ತದೆ. ಎಳ್ಳುಬೆಲ್ಲ ಇದರೊಳಗೇ ಇಟ್ಟಿದ್ದೇನೆ. ತಿಂದು ಒಳ್ಳೆಯ ಮಾತಾಡಿ, ಅಥವಾ ಬಾಯಿ ಮುಚ್ಚಿಕೊಂಡಿರಿ. ಸಿರಿಯ ಮುತ್ತು, ಅತ್ತೆಯ ಆಶೀರ್ವಾದ.

ಇಂತಿ,
ಪ್ರತಿಮಾ

ತಾ.ಕ.: ಕಾಗದ ಮಡಚುವ ಮುಂಚೆ, ಕೈ ತೊಳೆದು ಬಂದು ಅತ್ತೆಯ ಎಡಗಣ್ಣನ್ನು ನನ್ನ ಅಂಗೈಯಿಂದ ಪೂರ್ತಿ ಮುಚ್ಚಿ ನಮ್ಮ ಮದುವೆಯ ಫೋಟೊ ಹಿಡಿದೆ. "ಪೇಟ ಕಾಣ್ತೈತೆ, ಹಾರ ಒಸಿ ಕಾಣ್ತೈತೆ. ಅನಂತನ್ ಮಖ ಇರೋ ಜಾಗ್ದಲ್ಲಿ ಬರೀ ಹೊಗೆ" ಅಂದರು. ಸೆರಗಿನೊಳಗಿಂದ ಕಾಣುತ್ತದೆ ಎಂದು ಮೊದಲೇ ಹೇಳಬಾರದಿತ್ತೇ ಎಂದು ರೇಗಿಬಿಟ್ಟೆ. ಅತ್ತೆ ನನ್ನ ಕೈ ಸರಿಸಿ ಹೇಳಿದರು: "ನಂಗೊತ್ತಿಲ್ವೇನವ್ವ? ಹಸ್ರು ಬಂದ್ರೆ ತಾನೆ ನನ್ ಮಗ ಫೋನ್ ಮಾಡೋದು?"