ಇಳಿಜಾರಿನಲ್ಲಿ ನಿಲ್ಲಿಸಿದ ಟ್ರಾಕ್ಟರ್

೧೨ ಡಿಸೆಂಬರ್ ೨೦೦೫, ಸೋಮವಾರ

ಟ್ರಾಕ್ಟರಿನ ಬಾನೆಟ್ ಮೇಲೆ ಇಬ್ಬನಿ. ಅದರಲ್ಲಿ ಕೋಳಿಯ ಹೆಜ್ಜೆಗಳು, ಮುಂದಕ್ಕೆ ಉದ್ದಕ್ಕೂ ಜಾರಿದ ಗುರುತು. ಗಾಡಿ ಅಷ್ಟು ಇಳಿಜಾರಿನಲ್ಲಿ ನಿಲ್ಲುತ್ತದೆಂದು ಗಮನಿಸಿಯೇ ಇರಲಿಲ್ಲ.

ಡ್ರೈವರ್ ಜಟ್ಟಣ್ಣ ಕೀಲಿ ತಿರುಗಿಸಿದ. ಎರಡು ಸಲ ಕೆಮ್ಮಿ ನಿಂತಿತು. ಆಮೇಲೆ ದಿಬ್ಬ ಇಳಿಸಿ ಗೇರಿಗೆ ಹಾಕುವ ದಿನದ ಸರ್ಕಸ್. ಇಂದು ಅದೂ ಕೈಕೊಟ್ಟಿತು. ಕೆಳಗೆ ಮಟ್ಟಸ ಜಾಗದಲ್ಲಿ ಎಂಜಿನ್ನಿನ ಡೀಸೆಲ್ ಕೈಪಂಪು ಒತ್ತಿ ಒತ್ತಿ ಚಾಲೂ ಆಗುವಾಗ ಹತ್ತು ಗಂಟೆ.

"ಥಂಡಿ ಹಿಡ್ದದೆ ತಂಗಿ. ಮುದಿ ಆಯ್ತಲ್ಲ. ನಂಗೂ ಬೆಳಗಾತ ಮೊಣಕಾಲು ಚಾಲೂ ಆಗೂದಿಲ್ಲ."

ಹೀಟರ್ ಪ್ಲಗ್ ಹೊಸದು. ಬ್ಯಾಟರಿ ಹೊಸದು. ಮತ್ತೆ ಎಂಥ ಥಂಡಿ? ಕೇಳಬೇಕೆನಿಸಿತಷ್ಟೆ.

೧೩, ಮಂಗಳವಾರ

ಪಕ್ಕದ ಗದ್ದೆಯ ನಾಗಮ್ಮ ಅಪ್ಪನನ್ನು ಕೇಳಲು ಬಂದಿದ್ದರು. ಶೇಂಗಾ ಬಿತ್ತಬೇಕು, ಮಣ್ಣಿನ ಪಸೆ ಆರುತ್ತಿದೆ. "ಶಾಂತಾರಾಮಣ್ಣ, ನಿಮ್ ಗಾಡಿ ಏಳೂ ತನ್ಕ ನಾ ಕಾಯೂದಾ? ಬಾಳೆಗುಳಿಯ ಟಿಲ್ಲರಿನವ್ನಿಗೆ ಹೇಳ್ತೆ ಮತ್ತೆ."

ಅವರು ಹೋದ ಮೇಲೆ ಅಪ್ಪ ಶಿರವಾಡಕ್ಕೆ, ಹಳೆ ಗಾಡಿ ಕೊಳ್ಳುವವರಿಗೆ, ಫೋನು ಮಾಡಿದರು. ಬರುವ ಮಂಗಳವಾರ ಒಂಬತ್ತಕ್ಕೆ ಬಂದು ಗಾಡಿ ಒಯ್ಯುತ್ತಾರಂತೆ. ನಮ್ಮ ಮನೆ ನಡೆಯುವುದು ಈ ಗಾಡಿಯಿಂದ. ಜಟ್ಟಣ್ಣನದ್ದೂ.

೧೫, ಗುರುವಾರ, ಸಂಜೆ

ಯಾರೂ ಇಲ್ಲದಾಗ ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟೆ. ಜಟ್ಟಣ್ಣ ಬೆಳಿಗ್ಗೆ ಹೊರಟ ಮೇಲೆ ಬಂಕಿನಲ್ಲಿ ಡೀಸೆಲ್ ಹಾಕಿಸುವುದು, ಸಂಜೆಗೆ ತಳ ಕಾಣುತ್ತದೆ. ಉಳಿದ ಸ್ವಲ್ಪವೆಲ್ಲ ಇಳಿಜಾರಿಗೆ ಮುಂದಕ್ಕೆ ಸರಿದು ನಿಂತಿದೆ. ಎಂಜಿನ್ನಿಗೆ ಹೋಗುವ ಪೈಪು ಇರುವುದು ಟ್ಯಾಂಕಿನ ಹಿಂಬದಿಗೆ. ಅಲ್ಲಿ ಹನಿಯಿಲ್ಲ. ಬೆಳಿಗ್ಗೆ ಎಂಜಿನ್ ಎಳೆಯುವುದು ಬರೀ ಗಾಳಿ.

ಅಲ್ಲಿ ನಿಲ್ಲಿಸುವುದು ಸುಲಭವಾಗಿ ಚಾಲೂ ಆಗಲಿ ಎಂದು. ಆಗದಿರುವುದೂ ಅಲ್ಲಿ ನಿಲ್ಲಿಸುವುದರಿಂದಲೇ...?

೧೬, ಶುಕ್ರವಾರ

ನಿನ್ನೆ ಸೈಕಲ್ಲಿನಲ್ಲಿ ಬಂಕಿಗೆ ಹೋದೆ. ಬಂಕಿನವನ ಮುಖ ನೋಡದೆ ಕ್ಯಾನು ಚಾಚಿದೆ. ಟ್ಯಾಂಕಿಗೆ ಸುರಿದು ಕೈ ತೊಳೆದರೂ ವಾಸನೆ.

ಬೆಳಿಗ್ಗೆ ಒಂದೇ ಸಲಕ್ಕೆ ಚಾಲೂ. ಜಟ್ಟಣ್ಣ ಸ್ಟೀರಿಂಗಿಗೆ ಕೈಮುಗಿದ. "ನಿನ್ನೆ ಕಾಯಿ ಒಡ್ಸಿದ್ದೆ. ಅದ್ರದ್ದೇ."

೧೮, ಭಾನುವಾರ

ನಿನ್ನೆ ಬೆಳಿಗ್ಗೆ — ಡೀಸೆಲ್ ಸುರಿದಿರಲಿಲ್ಲ. ಕೆಮ್ಮಿ ನಿಂತಿತು. ಇಂದು — ಸುರಿದಿದ್ದೆ. ಚಾಲೂ. ಇನ್ನು ಅನುಮಾನವಿಲ್ಲ.

೧೯, ಸೋಮವಾರ, ಸಂಜೆ ಏಳು

ಚಹಾದ ಹೊತ್ತಿಗೆ ಅಪ್ಪನಿಗೂ ಜಟ್ಟಣ್ಣನಿಗೂ ಹೇಳಿದೆ. ಗೋಡೆ ನೋಡುತ್ತ, ಆದರೆ ಪೂರ್ತಿ ಹೇಳಿದೆ.

ಅಪ್ಪ ಲೋಟ ಕೆಳಗಿಟ್ಟರು. "ನೀ ಓದಿದ್ದು ಕನ್ನಡ ಬಿ.ಎ. ಜಟ್ಟು ಇಪ್ಪತ್ತು ವರ್ಷದಿಂದ ಅಲ್ಲೇ ನಿಲ್ಸ್ತಾ ಬಂದಾನೆ."

"ಮಟ್ಟಸದಲ್ಲಿ ನಿಲ್ಸಿ, ಬೆಳಗಾತ ಚಾಲೂ ಆಗ್ದಿದ್ರೆ?" ಜಟ್ಟಣ್ಣ ನಕ್ಕ. "ದೂಡೂಕೆ ನೀ ಬತ್ಯಾ ತಂಗಿ?"

"ಬತ್ತೆ," ಅಂದೆ. ಅವನ ನಗು ಅರ್ಧಕ್ಕೆ ನಿಂತಿತು.

"ಇರ್ಲಿ, ಶಿರವಾಡದವ್ರಿಗೆ ಮಾತು ಕೊಟ್ಟಾಗ್ಯದೆ," ಅಂದರು ಅಪ್ಪ. ನಾಳೆ ಜಟ್ಟಣ್ಣನಿಗೆ ರಜೆ.

ಟ್ರಾಕ್ಟರ್ ಓಡಿಸಲು ಅಪ್ಪನೇ ಕಲಿಸಿದ್ದು, ಎಸ್ಸೆಸ್ಸೆಲ್ಸಿ ರಜೆಯಲ್ಲಿ. ಕಾಲೇಜು ಸೇರಿದ ಮೇಲೆ ನಾನೇ ನಾಚಿ ಬಿಟ್ಟೆ.

ಡೀಸೆಲ್ ಸುರಿದಾಯಿತು. ಹಿಂದಿನ ಬಾಗಿಲಿನಿಂದ ನಾಗಮ್ಮನ ಮನೆಗೂ ಹೋಗಿ ಬಂದೆ. ನಾಳೆ ಆರಕ್ಕೆ ಗಾಡಿ ಬರುತ್ತದೆ, ಗದ್ದೆ ಬೇಲಿಯ ದಣಪೆ ತೆಗೆದಿಡಿ ಅಂದೆ. "ಯಾರು ಬತ್ರು, ಜಟ್ಟುವಾ?" ಹೌದೋ ಅಲ್ಲವೋ ತಿಳಿಯದಂತೆ ತಲೆಯಾಡಿಸಿ ಬಂದುಬಿಟ್ಟೆ.

ಕೀಲಿ ತಿರುಗಿಸುವವಳು ನಾನೇ. ಒಂಬತ್ತಕ್ಕೆ ಶಿರವಾಡದವರು ಬಂದರೆ ಗಾಡಿ ಉಳುವುದನ್ನು ಗದ್ದೆಗೇ ಬಂದು ನೋಡಲಿ. ಅಪ್ಪನೂ ನೋಡಲಿ.