ಎರಡನೆಯ ಬಟ್ಟಲು

ಮಂಗಳವಾರ, ಮಾರ್ಚ್ ೧೧

ಪ್ರೀತಿಯ ಅಕ್ಕನಿಗೆ ನಿಮ್ಮ ತಮ್ಮನ ಹೆಂಡತಿಯ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಮೊದಲ ಸಾಲಿಗೆ ಬರೆಯುವುದು ರೂಢಿ. ಈ ಸಲ ಅದನ್ನು ಬಿಟ್ಟಿದ್ದೇನೆ. ನಿಜ ಹೇಳಲೆಂದು ಕಾಗದ ಹಿಡಿದು ಕೂತವಳು ಮೊದಲ ಸಾಲಿನಲ್ಲೇ ಸುಳ್ಳು ಬರೆಯಬಾರದಲ್ಲ.

ನಿಮ್ಮ ಸೊಸೆ ಮೊನ್ನೆ ಫೋನ್ ಮಾಡಿದ್ದಳು. ನಾವು ನಿಮ್ಮ ಮನೆಯಿಂದ ಹೊರಟು ಬಂದು ಐದು ವಾರವಾಯಿತು. ಅಂದಿನಿಂದ ನೀವು ಒಲೆಯ ಹತ್ತಿರ ಹೋಗಿಲ್ಲವಂತೆ. ಅವಳು ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದು ಬೇಯಿಸಿ ಹಾಕಿದರೆ ಎರಡು ತುತ್ತು ತಿಂದು ತಟ್ಟೆ ಸರಿಸುತ್ತೀರಂತೆ. ಇವರು ಫೋನ್ ಮಾಡಿದಾಗಲೆಲ್ಲ ಮಲಗಿದ್ದೀರಿ ಎಂದು ಹೇಳಿಸುತ್ತೀರಿ. ಬೆಳಿಗ್ಗೆ ಹತ್ತು ಗಂಟೆಗೆ ನೀವು ಮಲಗುವವರೇ? ನಾನೂ ನಲವತ್ತು ವರ್ಷದಿಂದ ಈ ಮನೆತನದಲ್ಲಿದ್ದೇನೆ ಅಕ್ಕ. ನೀವು ಅಂದ ಮಾತನ್ನು ಸೊಸೆ ಹಿಂದುಮುಂದು ನೋಡಿ ಕೊನೆಗೆ ಹೇಳಿಯೇಬಿಟ್ಟಳು. "ನನ್ನ ಕೈ ಕೆಟ್ಟಿತು ಅಂತ ನನಗೆ ಬೇಜಾರಿಲ್ಲ. ಅವನು ನನಗೆ ಸುಳ್ಳು ಹೇಳಿದನಲ್ಲ, ಅದಕ್ಕೆ ಬೇಜಾರು. ಅಯ್ಯೋ ಪಾಪ ಅನ್ನಿಸಿಕೊಳ್ಳೋ ಸ್ಥಿತಿಗೆ ಬಂದೆನಲ್ಲ" ಅಂದಿರಂತೆ.

ಆ ಮಾತು ಕೇಳಿದ ಮೇಲೆ ನನಗೆ ಹೊಲಿಗೆ ಯಂತ್ರದ ಮುಂದೆ ಕೂರಲು ಆಗುತ್ತಿಲ್ಲ. ನಿನ್ನೆ ಒಂದು ಅಂಗಿಗೆ ಎರಡೂ ಕಡೆ ಎಡಗೈ ತೋಳನ್ನೇ ಹಚ್ಚಿದೆ. ಹಾಗಾಗಿ ಇವರಿಗೆ ಕೊಟ್ಟ ಮಾತನ್ನು ಮುರಿದು ಇದನ್ನು ಬರೆಯುತ್ತಿದ್ದೇನೆ.

ಅಕ್ಕ, ನಿಮ್ಮ ತಮ್ಮನಿಗೆ ರುಚಿ ಗೊತ್ತಾಗುವುದಿಲ್ಲ. ವಾಸನೆಯೂ ಇಲ್ಲ.

ಹೋದ ವರ್ಷದ ಚಳಿಗಾಲದಲ್ಲಿ ಜ್ವರ ಬಂದು ಹನ್ನೆರಡು ದಿನ ಮಲಗಿದ್ದರಲ್ಲ, ಅದು ಬಿಟ್ಟು ಹೋಗುವಾಗ ಇವೆರಡನ್ನೂ ಹೊತ್ತುಕೊಂಡು ಹೋಯಿತು. ಎದ್ದ ಮೇಲೆ ಬೇಕರಿಗೆ ಹೋದರು. ಮೂವತ್ತೆಂಟು ವರ್ಷ ಮುಂಜಾನೆ ಹಸಿ ಹಿಟ್ಟನ್ನು ಚಿಟಿಕೆಯಷ್ಟು ಬಾಯಿಗೆ ಹಾಕಿಕೊಂಡು ಉಪ್ಪು ನೋಡಿದ ಮನುಷ್ಯ, ಎರಡು ದಿನ ಉಪ್ಪೇ ಇಲ್ಲದ ಬ್ರೆಡ್ಡನ್ನು ಊರಿಗೆಲ್ಲ ಕಳಿಸಿದರು. ಮೂರನೆಯ ದಿನ ಒಂದು ಒಲೆಯ ತುಂಬ ಬನ್ನು ಸೀದು ಕರಕಲಾಗುವವರೆಗೂ ಅದರ ಪಕ್ಕದಲ್ಲೇ ನಿಂತಿದ್ದರಂತೆ. ಅವತ್ತೇ ಮಾಲೀಕರ ಹತ್ತಿರ ಹೋಗಿ, ಮೊಣಕಾಲು ನೋವು, ಇನ್ನು ನಿಲ್ಲಲಾಗುವುದಿಲ್ಲ ಎಂದು ಹೇಳಿ ಕೆಲಸ ಬಿಟ್ಟು ಬಂದರು. ಇವರ ಮೊಣಕಾಲು ಕಲ್ಲುಗುಂಡಿನ ಹಾಗಿದೆ. ನೀವು ತಿಂಗಳು ತಿಂಗಳೂ ಕಳಿಸುವ ಎಣ್ಣೆಯ ಸೀಸೆಗಳು ಕಿಟಕಿಯಲ್ಲಿ ಸಾಲಾಗಿ ನಿಂತಿವೆ, ಒಂದರ ಮುಚ್ಚಳವನ್ನೂ ತೆಗೆದಿಲ್ಲ. ಅದಕ್ಕೂ ಕ್ಷಮೆ ಕೇಳುತ್ತೇನೆ.

ಡಾಕ್ಟರು ಬರಬಹುದು, ಬಾರದೆಯೂ ಇರಬಹುದು ಎಂದರು. ನಿಮಗೆ ಹೇಳೋಣ ಎಂದು ನಾನು ಎಷ್ಟು ಗೋಗರೆದೆ. ಇವರು ಒಪ್ಪಲಿಲ್ಲ. "ಅಕ್ಕನಿಗೆ ಮಾತ್ರ ಬೇಡ. ಅವಳು ಅಡುಗೆ ಕಲಿತಿದ್ದೇ ನನ್ನ ನಾಲಿಗೆ ನಂಬ್ಕೊಂಡು" ಎಂದರು. ಅದು ನಿಜವಲ್ಲವೇ? ಅಮ್ಮ ತೀರಿಕೊಂಡಾಗ ನಿಮಗೆ ಹದಿನಾರು, ಇವರಿಗೆ ಒಂಬತ್ತು. ನೀವು ಮಾಡಿ ಹಾಕುವುದು, ಈ ಪುಣ್ಯಾತ್ಮ ಕಡ್ಡಿ ಮುರಿದ ಹಾಗೆ ಹುಳಿ ಜಾಸ್ತಿ, ಬೆಂದಿಲ್ಲ, ಅಮ್ಮನದು ಹೀಗಿರಲಿಲ್ಲ ಎಂದು ಹೇಳುವುದು, ನೀವು ಅಳುತ್ತ ಮಾರನೆಯ ದಿನ ಸರಿಮಾಡುವುದು. ಹೀಗೆ ಮೂರು ವರ್ಷ. ಆಮೇಲೆ ಅದೇ ನಮ್ಮ ಮನೆತನದ ಪದ್ಧತಿಯಾಯಿತು. ಯಾರ ಮನೆಯಲ್ಲೇ ಊಟವಿರಲಿ, ಮೊದಲ ತುತ್ತು ಇವರದು. ಇವರು ಬಾಯಿಬಿಟ್ಟು ಹೇಳುವವರೆಗೆ ಉಳಿದವರು ಚಮಚ ಮುಟ್ಟುವ ಹಾಗಿಲ್ಲ. ಮದುವೆಯಾದ ಹೊಸದರಲ್ಲಿ ನನಗೆ ಇದು ನೋಡಿ ಮೈ ಉರಿಯುತ್ತಿತ್ತು.

ಅಂಥವರು ಈ ಪ್ರವಾಸ ಹೊರಡೋಣ ಎಂದಾಗ ನಾನು ಹೌಹಾರಿದೆ. ನಾಲ್ಕು ವಾರ, ಐದು ನೆಂಟರ ಮನೆ. ಹೋದಲ್ಲೆಲ್ಲ ಔತಣ, ಹೋದಲ್ಲೆಲ್ಲ ಮೊದಲ ತುತ್ತು. "ನಾಲಿಗೆ ಹೋದ್ರೇನಂತೆ, ಜನ ಇದಾರಲ್ಲ. ಒಲೆ ಮುಂದೆ ನಿಂತು ಯಾರ ಮನೆಗೂ ಹೋಗಲಿಲ್ಲ ನಾನು. ಕೈಕಾಲು ಗಟ್ಟಿ ಇರುವಾಗ ಒಂದ್ಸಲ ಎಲ್ಲರ ಮುಖ ನೋಡ್ಕೊಂಡು ಬರೋಣ" ಎಂದರು. ಆ ಮಾತಿಗೆ ನಾನು ಸೋತೆ.

ಉಪಾಯ ಮಾಡಿದವಳು ನಾನೇ. ಸಹಾಯ ಮಾಡುತ್ತೇನೆ ಎಂದು ಅಡುಗೆಮನೆಗೆ ನುಗ್ಗಿ ಎಲ್ಲವನ್ನೂ ರುಚಿ ನೋಡುವುದು. ಊಟಕ್ಕೆ ಕೂತಾಗ ಮೇಜಿನ ಕೆಳಗೆ ಇವರ ಪಾದ ಒತ್ತುವುದು. ಒಂದು ಸಲ ಒತ್ತಿದರೆ ಉಪ್ಪು ಕಡಿಮೆ, ಎರಡು ಸಲ ಒತ್ತಿದರೆ ಉಪ್ಪು ಹೆಚ್ಚು, ಮೂರಾದರೆ ಖಾರ. ಒತ್ತದೆ ಸುಮ್ಮನಿದ್ದರೆ ಎಲ್ಲ ಚೆನ್ನಾಗಿದೆ ಎಂದರ್ಥ. ನಿಮ್ಮ ಕಿರಿಯ ತಮ್ಮನ ಮನೆಯಲ್ಲಿ ಅವನ ಹೆಂಡತಿ ಇದನ್ನು ನೋಡಿಬಿಟ್ಟಳು. "ಅರವತ್ತು ದಾಟಿದ ಮೇಲೂ ಮೇಜಿನ ಕೆಳಗೆ ಕಾಲಾಟ ನಡೀತಿದೆ" ಎಂದು ಅವಳು ಮನೆಯವರಿಗೆಲ್ಲ ಹೇಳಿ ನಕ್ಕಿದ್ದು ನಿಮ್ಮ ಕಿವಿಗೂ ಬಿದ್ದಿರಬೇಕು. ನಾನು ನಾಚಿದ ಹಾಗೆ ಮಾಡಿದೆ. ಇವರು ಮೀನು ತಿನ್ನುತ್ತ, ಸುಣ್ಣ ಸ್ವಲ್ಪ ಕಡಿಮೆಯಾದ ಗೋಡೆಯನ್ನು ನೋಡುವ ಹಾಗೆ ಗಂಭೀರವಾಗಿ, ಒಂದು ಹರಳು ಉಪ್ಪು ಬೇಕು ಎಂದರು. ಎಲ್ಲರೂ ತಲೆದೂಗಿದರು.

ನಾಲ್ಕು ಮನೆ ಹೀಗೆ ದಾಟಿದೆವು. ಆದರೆ ಅಕ್ಕ, ಬಂದರಿನ ಊರಿನಲ್ಲಿ ನಾವಿಬ್ಬರೇ ಇದ್ದ ಎರಡು ದಿನ ನಾನು ಮರೆಯುವ ಹಾಗಿಲ್ಲ. ದೋಣಿ ಕಟ್ಟುವ ಕಟ್ಟೆಯ ಎದುರಿಗೆ ಒಂದು ಸಣ್ಣ ಹೋಟೆಲು. ಇವರು ತಮ್ಮ ತಟ್ಟೆ ಮುಟ್ಟದೆ ನಾನು ತಿನ್ನುವುದನ್ನೇ ನೋಡುತ್ತಿದ್ದರು. "ಹೇಗಿದೆ ಹೇಳು" ಎಂದರು. ನಾನು ದರ್ಜಿ, ರುಚಿಗೆ ನನ್ನಲ್ಲಿ ಮಾತಿಲ್ಲ. ಗಂಜಿ ಹಾಕಿದ ಹೊಸ ಬಟ್ಟೆ ಮೊದಲು ಗರಿಗರಿ, ಆಮೇಲೆ ಮೆತ್ತಗೆ, ಈ ಮೀನು ಹಾಗಿದೆ ಎಂದೆ. ಈ ಸೂಪು ತೊಳೆದು ತೊಳೆದು ತೆಳ್ಳಗಾದ ಹಳೆಯ ಹೊದಿಕೆ ಎಂದೆ. ಇವರು ಕಣ್ಣು ಮುಚ್ಚಿಕೊಂಡು ಕೇಳಿದರು. ಆಮೇಲೆ, ನಿನ್ನ ತಲೆಗೂದಲಿನ ವಾಸನೆ ಹೇಗಿತ್ತು ಅಂತಾನೂ ಮರೀತಾ ಇದೀನಿ ಎಂದರು. ನಾನು ನೀರು ಕುಡಿಯುವ ನೆಪದಲ್ಲಿ ಲೋಟ ಎತ್ತಿಕೊಂಡೆ.

ಕೊನೆಗೆ ನಿಮ್ಮ ಮನೆ. ಎರಡು ಮೇಜು ಸೇರಿಸಿ ಹಾಸಿಗೆಯ ಚಾದರ ಹೊದಿಸಿ ಹದಿನಾಲ್ಕು ಜನಕ್ಕೆ ಊಟ. ಅಮ್ಮ ಮಾಡುತ್ತಿದ್ದ ಆಲೂಗಡ್ಡೆ ಹಾಲಿನ ಸೂಪನ್ನು ನೀವು ಬೆಳಗಿನಿಂದ ಕಾಯಿಸುತ್ತಿದ್ದಿರಿ. ನಡುವೆ ಪಕ್ಕದ ಮನೆಯವರು ಬಂದರು, ಕುಕ್ಕರಿನ ರಬ್ಬರು ಹುಡುಕಿದಿರಿ, ಮತ್ತೆ ಬಂದು ಉಪ್ಪು ಹಾಕಿದಿರಿ. ನಿಮ್ಮದು ಚಮಚದ ಲೆಕ್ಕವಲ್ಲ, ಮುಷ್ಟಿಯ ಲೆಕ್ಕ. ಒಂದು ಮುಷ್ಟಿ ಮೊದಲೇ ಬಿದ್ದಿತ್ತು.

ಮುಂದಿನದು ನಿಮಗೇ ಗೊತ್ತು. ಇವರು ಮೊದಲ ಚಮಚ ಬಾಯಿಗಿಟ್ಟರು. ಬಟ್ಟಲಿನೊಳಗೆ ಬಗ್ಗಿ ನೋಡಿದರು. ಎರಡನೆಯ ಚಮಚ. ಕಣ್ಣಲ್ಲಿ ನೀರು. "ಚೆನ್ನಾಗಿದೆ ಅಕ್ಕ. ತುಂಬಾ ಚೆನ್ನಾಗಿದೆ" ಎಂದರು. ಎಲ್ಲರೂ ಚಮಚ ಎತ್ತಿದರು, ಎಲ್ಲರೂ ಹಾಗೇ ಇಳಿಸಿದರು. ಬಿಸಿ ತುಪ್ಪದ ಪಾಡು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಕಿರಿಯ ತಮ್ಮನ ಮೊಮ್ಮಗಳು ಮಾತ್ರ ಸೂಪನ್ನು ತಟ್ಟೆಗೆ ಉಗುಳಿ, ಸಮುದ್ರ ಸಮುದ್ರ ಎಂದು ಕೂಗಿದಳು. ಅಷ್ಟರಲ್ಲಿ ಇವರು ಬಟ್ಟಲು ಖಾಲಿ ಮಾಡಿ, ಇನ್ನೊಂದು ಬಟ್ಟಲು ಕೊಡು ಎಂದು ನಿಮ್ಮ ಮುಂದೆ ಚಾಚಿದರು. ನೀವು ಬಡಿಸಿದಿರಿ. ಸೌಟಿಗೆ ಅಂಟಿದ್ದನ್ನು ನಾಲಿಗೆಗೆ ಹಚ್ಚಿ ನೋಡಿದಿರಿ. ಆಮೇಲೆ ಸೊಂಟಕ್ಕೆ ಸಿಕ್ಕಿಸಿದ್ದ ಕೈಬಟ್ಟೆ ತೆಗೆದು ಮಡಿಸಿ ಸೊಸೆಯ ಕೈಗೆ ಕೊಟ್ಟು ಒಳಗೆ ಹೋದಿರಿ. ಆ ಬಟ್ಟೆಯನ್ನು ನೀವು ನಾಲ್ಕು ಮಡಿಕೆ ಮಾಡಿದ್ದು ಇನ್ನೂ ನನ್ನ ಕಣ್ಣ ಮುಂದಿದೆ.

ಇವರು ನಿಮ್ಮನ್ನು ಪಾಪ ಎಂದುಕೊಂಡು ಸುಳ್ಳು ಹೇಳಲಿಲ್ಲ ಅಕ್ಕ. ಇವರಿಗೆ ಗೊತ್ತೇ ಆಗಿರಲಿಲ್ಲ. ಎರಡು ಮೇಜು ಸೇರಿಸಿದ್ದರಿಂದ ನಾನು ದೂರ ಕೂತಿದ್ದೆ, ಕಾಲು ಎಟುಕಲಿಲ್ಲ.

ಈ ಸಾಲು ಬರೆದು ಎದ್ದು ಹೋಗಿ ಪಾತ್ರೆ ತೊಳೆದು ಬಂದೆ. ಹರಿದು ಬೇರೆ ಬರೆಯೋಣವೆಂದರೆ ಹೊಸ ಕಾಗದ ಬೇಕು, ಇರಲಿ ಬಿಡಿ. ಕಾಲು ಎಟುಕಲಿಲ್ಲ ಎಂಬುದು ಸುಳ್ಳು. ನಾನು ಇವರ ಪಕ್ಕದಲ್ಲೇ ಇದ್ದೆ. ನನ್ನ ಪಾದ ಇವರ ಪಾದಕ್ಕೆ ತಾಗಿಕೊಂಡೇ ಇತ್ತು. ಸೂಪನ್ನು ಅಡುಗೆಮನೆಯಲ್ಲೇ ರುಚಿ ನೋಡಿದ್ದೆ, ಬಾಯಿಗೆ ಇಡುವ ಹಾಗಿಲ್ಲ ಎಂದು ಗೊತ್ತಿತ್ತು. ಎರಡು ಸಲ ಒತ್ತಬೇಕಿತ್ತು. ನಾನು ಒತ್ತಲಿಲ್ಲ.

ಏಕೆಂದರೆ ಅವತ್ತು ಬೆಳಿಗ್ಗೆ ನಿಮ್ಮ ಸೊಸೆ, "ಅತ್ತೆ, ಇನ್ನು ಒಲೆ ನನಗೆ ಬಿಡಿ, ನೀವು ಆರಾಮಾಗಿರಿ" ಎಂದಾಗ ನಾನು ಅಲ್ಲೇ ಬಟಾಣಿ ಬಿಡಿಸುತ್ತಿದ್ದೆ. ಅವಳು ಒಳ್ಳೆಯದಕ್ಕೇ ಅಂದಳು. ನೀವು ನಗುತ್ತ, "ನನ್ನ ತಮ್ಮ ಬಂದಿದಾನಲ್ಲ, ಅವನ ಬಾಯಲ್ಲಿ ಬರಲಿ. ಅವನು ಸಾಕು ಅಂದ್ರೆ ಸಾಕು" ಎಂದಿರಿ. ಊಟದ ಹೊತ್ತಿಗೆ ಕುರ್ಚಿಯ ಬೆನ್ನು ಹಿಡಿದು, ಪರೀಕ್ಷೆ ಬರೆದ ಹುಡುಗಿಯ ಹಾಗೆ ಇವರ ಮುಖ ನೋಡುತ್ತ ನಿಂತಿದ್ದಿರಿ. ನನಗೆ ಕಾಲು ಏಳಲಿಲ್ಲ. ಒಲೆ ನಿಮ್ಮ ಕೈ ತಪ್ಪುವುದು ನನ್ನ ಪಾದದಿಂದ ಆಗುವುದು ಬೇಡ ಎನ್ನಿಸಿತು. ಮಿಕ್ಕ ಹನ್ನೆರಡು ನಾಲಿಗೆಗಳ ನೆನಪೇ ಬರಲಿಲ್ಲ, ನನ್ನ ಬುದ್ಧಿಗಿಷ್ಟು! ಉಳಿಸಲು ಹೋಗಿ ನಾನೇ ಕಳೆದೆ.

ಸುಳ್ಳು ನನ್ನದು ಅಕ್ಕ. ಸಿಟ್ಟು ಮಾಡುವುದಿದ್ದರೆ ನನ್ನ ಮೇಲೆ ಮಾಡಿ, ನಾನು ಹೊಟ್ಟೆಗೆ ಹಾಕಿಕೊಳ್ಳುತ್ತೇನೆ. ಇವರ ಫೋನು ಎತ್ತಿ. ಊರಿಗೆ ಬಂದಾಗಿನಿಂದ ಇವರು ಮಾತು ಕಡಿಮೆ ಮಾಡಿದ್ದಾರೆ, ಸುಮ್ಮಸುಮ್ಮನೆ ಅಡುಗೆಮನೆಯಲ್ಲಿ ನಿಂತಿರುತ್ತಾರೆ. ಇನ್ನು ಮರೆವಿನ ವಿಷಯವೆಂದರೆ ನಿಮ್ಮೊಬ್ಬರಿಗೇ ಅಲ್ಲ. ನಮ್ಮ ಮನೆಯ ಉಪ್ಪಿನ ಡಬ್ಬಿ ತಿಂಗಳಿಗೆ ಎರಡು ಸಲ ಖಾಲಿಯಾಗುತ್ತಿದೆ, ನಾನು ಎಲ್ಲಿ ಸುರಿಯುತ್ತೇನೋ ನನಗೇ ತಿಳಿಯದು. ನನಗೂ ವಯಸ್ಸಾಯಿತು.

ಈ ಕಾಗದ ಓದಿ ಹರಿದುಬಿಡಿ. ನಾನು ಬರೆದೆ ಎಂದು ಇವರಿಗೆ ಹೇಳಬೇಡಿ. ಬೆಳಿಗ್ಗೆ ಪೇಟೆಗೆ ಹೋಗುವಾಗ ಅಂಚೆ ಪೆಟ್ಟಿಗೆಗೆ ಹಾಕಲು ಇವರ ಕೈಯಲ್ಲೇ ಕೊಡುತ್ತೇನೆ. ಪರರ ಕಾಗದ ಓದುವ ಚಾಳಿ ಇವರಿಗಿಲ್ಲ.

ನಿಮ್ಮ ಮುಂದೆ ಮುಖ ಎತ್ತಲಾರದ,
ನಿಮ್ಮ ತಮ್ಮನ ಹೆಂಡತಿ

ಮರೆತ ಮಾತು: ಅಕ್ಕ, ಇದು ನಾನು, ನಿನ್ನ ತಮ್ಮ. ಓದುವ ಚಾಳಿ ಇಲ್ಲ, ನಿಜ. ಆದರೆ ಇವಳು ಲಕೋಟೆ ಅಂಟಿಸೋದು ಮರೆತಿದ್ದಳು, ಒಳಗೆ ನನ್ನ ಮೊಣಕಾಲಿನ ಹೆಸರು ಕಾಣಿಸ್ತು. ಅಂಚೆ ಕಚೇರಿಯ ಬೆಂಚಿನ ಮೇಲೆ ಕೂತು ಓದಿ, ಅಲ್ಲೇ ಬರೀತಾ ಇದೀನಿ. ಇವಳು ಬರೆದಿದ್ದೆಲ್ಲ ನಿಜ, ಒಂದು ಬಿಟ್ಟು. ನನಗೆ ಗೊತ್ತಾಗಿತ್ತು. ಹದಿಮೂರು ತಿಂಗಳು ಬಾಯಲ್ಲಿ ಏನಿಟ್ಟರೂ ಕಾಗದ ಅಗಿದ ಹಾಗೆ. ನಿನ್ನ ಸೂಪು ಬಾಯಿಗಿಟ್ಟೆ, ನಾಲಿಗೆ ಮೇಲೆ ಏನೋ ಚುರ್ ಅಂತು. ಭ್ರಮೆ ಅಂದ್ಕೊಂಡೆ. ಇನ್ನೊಂದು ಚಮಚ ತಿಂದೆ. ಉಪ್ಪು! ನಾಲ್ಕು ಮನೆ ಔತಣದಲ್ಲಿ ಸಿಗದೇ ಇದ್ದಿದ್ದು ನಿನ್ನ ಒಲೆ ಮೇಲೆ ಸಿಕ್ತು. ಅದಕ್ಕೇ ಎರಡನೇ ಬಟ್ಟಲು ಕೇಳಿದ್ದು. ಇವಳ ಪಾದ ಅಲ್ಲಾಡಲಿಲ್ಲ, ಇವಳು ಸುಳ್ಳು ಹೇಳ್ತಿದಾಳೆ ಅಂತ ಅದೇ ಮೊದಲ ಸಲ ನನಗೆ ಗೊತ್ತಾಗಿದ್ದು. ಇವಳಿಗೆ ಇನ್ನೂ ಹೇಳಿಲ್ಲ. ಡಬ್ಬಿ ಖಾಲಿ ಮಾಡ್ತಿರೋನು ನಾನೇ. ಇವಳು ಹೊಲಿಗೆಗೆ ಕೂತಾಗ ಹೋಗಿ ನೆಕ್ಕಿ ನೋಡ್ತೀನಿ. ಒಂದು ದಿನ ಸಿಗತ್ತೆ, ನಾಲ್ಕು ದಿನ ಸಿಗಲ್ಲ. ಆಸೆ ಹುಟ್ಟಿಸಿ ಕೊಲ್ಲೋದು ಬೇಡ ಅಂತ ಸುಮ್ಮನಿದ್ದೆ. ಇವತ್ತು ಮನೆಗೆ ಹೋಗಿ ಹೇಳ್ತೀನಿ. ನೀನು ಅವತ್ತು ನನ್ನ ಮುಖ ನೋಡ್ತಾ ನಿಂತಾಗ ನಾನು ಸರಿಯಾಗಿ ಉತ್ತರ ಕೊಡಲಿಲ್ಲ, ಈಗ ಕೊಡ್ತೀನಿ: ಉಪ್ಪು ಜಾಸ್ತಿ ಆಗಿತ್ತು ಅಕ್ಕ. ತುಂಬಾ ಜಾಸ್ತಿ. ಭಾನುವಾರ ಬರ್ತೀವಿ, ಮತ್ತೆ ಮಾಡು. ಸರಿ ಹೋಗೋವರೆಗೂ ನಾನು ಹೇಳ್ತಾನೇ ಇರ್ತೀನಿ.