ಸಂಕದಗುಳಿಯ ಕೂಗು ನಿಲ್ಲಿಸಿದ ಸಾಲು

ಸಂಕದಗುಳಿ
ಆಷಾಢದ ನಲವತ್ತೊಂದನೆಯ ದಿನ, 2151

ಅತಿಥಿ ಪುಸ್ತಕದಲ್ಲಿ ಆ ಸಾಲು ಬರೆಯಲಿರುವವರಿಗೆ,

ತಾರೀಖು ನೋಡಿ ನಗಬೇಡಿ. ಮಳೆ ನಿಲ್ಲದೆ ಆಷಾಢ ಮುಗಿಸಬಾರದೆಂದು ನಮ್ಮ ಕಾಲದ ಪಂಚಾಂಗದವರು ಒಪ್ಪಿಕೊಂಡು ಬಹಳ ವರ್ಷವಾಯಿತು. ನಿಮಗೆ ತಿಳಿಯದ ಒಂದೆರಡು ಮಾತುಗಳೂ ಈ ಕಾಗದದಲ್ಲಿ ಬರುತ್ತವೆ, ಅದಕ್ಕೆ ಕ್ಷಮೆಯಿರಲಿ. ಉಳಿದ ಯಾವುದಕ್ಕೂ ನಾನು ಕ್ಷಮೆ ಕೇಳುವವಳಲ್ಲ. ನಾನು ಹೊನ್ನಮ್ಮ. ನಿಮಗೆ ಊಟ ಬಡಿಸಲಿರುವ ಗಣಪಜ್ಜಿಯ ಆರನೆಯ ತಲೆಮಾರಿನವಳು.

ನಿಮ್ಮ ಲೆಕ್ಕದಲ್ಲಿ ಬರುವ ಡಿಸೆಂಬರಿನಲ್ಲಿ, ಅಂದರೆ ನನಗಿಂತ ನೂರಿಪ್ಪತ್ತು ಚಿಲ್ಲರೆ ವರ್ಷ ಹಿಂದೆ, ನೀವು ಕಡಲ ದಂಡೆಯ ಗದ್ದಲಕ್ಕೆ ಬೇಸತ್ತು, ಹನ್ನೆರಡು ಕಿಲೋಮೀಟರ್ ಒಳಗಿರುವ ನಮ್ಮೂರಿಗೆ ಬರುತ್ತೀರಿ. ಗಣಪಜ್ಜಿಯ ಹೋಂಸ್ಟೇಯಲ್ಲಿ ಎರಡು ದಿನ ಇರುತ್ತೀರಿ. ಕುಚ್ಚಲಕ್ಕಿ ಗಂಜಿಯನ್ನು ಎರಡೆರಡು ಸಲ ಹಾಕಿಸಿಕೊಳ್ಳುತ್ತೀರಿ. ಹೊರಡುವಾಗ, "ಎಲ್ಲ ಚೆಂದ. ಬೆಳಿಗ್ಗೆ ಆ ಕೂಗೊಂದು ಇಲ್ಲದಿದ್ದರೆ ಸ್ವರ್ಗ" ಎಂದು ಬರೆಯುತ್ತೀರಿ. ಆ ಪುಸ್ತಕ ಈಗ ಪಂಚಾಯ್ತಿ ಕಚೇರಿಯ ಗಾಜಿನ ಪೆಟ್ಟಿಗೆಯಲ್ಲಿದೆ. ದಿನಾ ಅದರ ಧೂಳು ಒರೆಸುವವಳು ನಾನೇ. ನಿಮ್ಮ ಅಕ್ಷರ ಮುದ್ದಾಗಿದೆ, ಅದೇ ನನಗೆ ಹೆಚ್ಚು ಸಿಟ್ಟು ತರಿಸುತ್ತದೆ.

ಆ ಕೂಗು ಏನೆಂದು ನೀವು ಕೇಳಲಿಲ್ಲ. ನಮ್ಮೂರಿನ ಮನೆಗಳು ಒಂದಕ್ಕೊಂದು ಕೂಗಳತೆಯಲ್ಲಿವೆ, ನಡುವೆ ಹಳ್ಳ, ಹಳ್ಳಕ್ಕೆ ಸಂಕ, ಅಂದರೆ ಎರಡು ಮರದ ದಿಮ್ಮಿ ಹಾಸಿದ ಕಾಲುಹಾದಿ. ಬೆಳಿಗ್ಗೆ ಎದ್ದವರು ಅಂಗಳದ ತುದಿಗೆ ಬಂದು ಒಂದು ಕೂ ಹಾಕಬೇಕು. ಆಚೆ ಮನೆಯವರು ಓಗೊಡಬೇಕು, ಅವರ ಕೂ ಮುಂದಿನ ಮನೆಗೆ ಹೋಗಬೇಕು. ಯಾವ ಮನೆಯಿಂದ ಮರುದನಿ ಬರಲಿಲ್ಲವೋ ಅಲ್ಲಿಗೆ ಒಬ್ಬರು ಹೋಗಿ ನೋಡಿ ಬರಬೇಕು. ಹಾವು ಕಚ್ಚಿದವರು, ಜ್ವರದಲ್ಲಿ ಮಲಗಿದವರು, ಸಂಕದಿಂದ ಜಾರಿದವರು ಉಳಿದದ್ದು ಹೀಗೆ.

ಗಣಪಜ್ಜಿ ಇದನ್ನು ನಿಮಗೆ ಹೇಳಬಹುದಿತ್ತು. ಹೇಳಲಿಲ್ಲ, ಆ ಸಿಟ್ಟೂ ನನಗಿದೆ. ಮಗಳ ಹತ್ತಿರ ಆ ಸಾಲು ಓದಿಸಿಕೊಂಡು, "ಬಂದವ್ರಿಗೆ ಬೇಜಾರ ಮಾಡೂದು ಬ್ಯಾಡ" ಎಂದಳಂತೆ. ಮರುದಿನದಿಂದ ಅವಳ ಅಂಗಳದಲ್ಲಿ ಕೂ ಇಲ್ಲ. ನಡುವಿನ ಮನೆಯೇ ಸುಮ್ಮನಾದ ಮೇಲೆ ಆಚೆಯವರು ಈಚೆಯವರಿಗೆ ಕೇಳಿಸುವುದು ಹೇಗೆ? ಅವರೂ ಒಬ್ಬೊಬ್ಬರಾಗಿ ಹೋಂಸ್ಟೇ ತೆರೆದರು, ಒಬ್ಬೊಬ್ಬರಾಗಿ ಬಾಯಿ ಮುಚ್ಚಿದರು.

ಈಗ ನಮ್ಮದು ಸರ್ಕಾರ ಘೋಷಿಸಿದ ನಿಶ್ಶಬ್ದ ಗ್ರಾಮ. ಪ್ರತಿ ಮನೆಯ ಮುಂದೆ ಕಂಬ, ಕಂಬದ ಮೇಲೆ ಸದ್ದಳೆ ಎಂಬ ಪೆಟ್ಟಿಗೆ. ಮಾತು ಜೋರಾದರೆ ಅದು ಕೆಂಪಾಗುತ್ತದೆ, ಮೂರು ಸಲ ಕೆಂಪಾದರೆ ಹೋಂಸ್ಟೇ ಪರವಾನಗಿ ಹೋಗುತ್ತದೆ. ಕಾಲಿಗೆ ಮೆತ್ತಡಿ ಹಾಕುತ್ತೇವೆ, ತೆಂಗಿನ ನಾರು ಕಟ್ಟಿದ ಚಪ್ಪಲಿ ಅದು. ದನದ ಕೊರಳಿಗೆ ಗಂಟೆಯಿಲ್ಲ. ಹುಂಜ ಸಾಕುವಂತಿಲ್ಲ. ಕೂಸು ಅತ್ತರೆ ತಾಯಂದಿರು ಹಿತ್ತಿಲಿಗೆ ಓಡುತ್ತಾರೆ. ಅತಿಥಿಗಳು ಮಾತ್ರ ಜಗಲಿಯಲ್ಲಿ ಕೂತು, ಇಂಥ ಶಾಂತಿ ಎಲ್ಲೂ ಸಿಗುವುದಿಲ್ಲ ಎಂದು ಜೋರಾಗಿಯೇ ಹೇಳಿಕೊಳ್ಳುತ್ತಾರೆ. ಅವರ ಮಾತಿಗೆ ಸದ್ದಳೆ ಕೆಂಪಾಗುವುದಿಲ್ಲ.

ಹೋದ ತಿಂಗಳು ನನ್ನ ತಂಗಿ ಮಂಕಾಳಿ ಬೆಳಿಗ್ಗೆ ಹಾಲು ಕೊಡಲು ಹೋಗುವಾಗ ಸಂಕದಿಂದ ಜಾರಿದಳು. ಸೊಂಟ ಮುರಿದು, ಎದೆಮಟ್ಟದ ನೀರಿನಲ್ಲಿ ಬೇರು ಹಿಡಿದುಕೊಂಡು ಮಧ್ಯಾಹ್ನದವರೆಗೆ ಇದ್ದಳು. ನೂರು ಹೆಜ್ಜೆ ಆಚೆ ನೆರೆಮನೆಯ ಜಟ್ಟಪ್ಪ ತನ್ನ ಜಗಲಿಯಲ್ಲಿ ಕೂತು ಬುಟ್ಟಿ ಹೆಣೆಯುತ್ತಿದ್ದ. ಅವನ ಕಿವಿ ಚುರುಕಾಗಿದೆ. ಒಂದು ಕೂ ಸಾಕಿತ್ತು. ನಾವು ಹುಡುಕಿ ಎತ್ತಿ ತಂದ ಮೇಲೆ ಎರಡು ದಿನ ಬದುಕಿದ್ದಳು. ಯಾಕೆ ಕೂಗಲಿಲ್ಲ ಎಂದು ಕೇಳಿದೆ. "ಬಂದವ್ರು ಮಲಗಿದ್ರಲ್ಲೆ ಅಕ್ಕ, ಹ್ಯಾಂಗೆ ಕೂಗೂದು?" ಎಂದಳು.

ಅದಕ್ಕೇ ಈ ಕಾಗದ. ನಿಮ್ಮ ಕೈಗೆ ಸೇರುತ್ತದೋ ಇಲ್ಲವೋ ಕಾಣೆ. ಸೇರಿದರೆ, ಬರಬೇಡಿ ಎನ್ನುವುದಿಲ್ಲ. ಬನ್ನಿ, ಗಂಜಿ ಉಣ್ಣಿ. ಬೆಳಿಗ್ಗೆ ಗಣಪಜ್ಜಿಯ ಕೂಗಿಗೆ ಎಚ್ಚರವಾದಾಗ ಕಂಬಳಿ ಮುಖಕ್ಕೆಳೆದುಕೊಳ್ಳದೆ ಅಂಗಳಕ್ಕೆ ಬಂದು, ಅದು ಯಾರಿಗೆ ಎಂದು ಕೇಳಿ. ನೀವು ಕೇಳದೆ ಅವಳು ಹೇಳುವವಳಲ್ಲ. ಆಮೇಲೆ ಪುಸ್ತಕದಲ್ಲಿ ಏನು ಬೇಕಾದರೂ ಬರೆಯಿರಿ.

ನಾಳೆ ಬೆಳಿಗ್ಗೆ ನಾನು ಸಂಕದ ಮೇಲೆ ನಿಂತು ಕೂ ಹಾಕುತ್ತೇನೆ. ಸದ್ದಳೆ ಕೆಂಪಾದರೆ ಆಗಲಿ. ಕೂ ಹೇಗೆ ಹಾಕಬೇಕೆಂದು ನನಗೆ ಸರಿಯಾಗಿ ಗೊತ್ತಿಲ್ಲ, ಕೇಳಿದವರು ಯಾರೂ ಉಳಿದಿಲ್ಲ. ಅದನ್ನು ಕೊನೆಯದಾಗಿ ಕೇಳುವ ಪರಊರಿನವರು ನೀವೇ. ಮಲಗಿದ್ದರೂ ಎದ್ದು, ದಯವಿಟ್ಟು ಒಂದು ಸಲ ಓ ಅನ್ನಿ.

ಇಂತಿ,
ಮಂಕಾಳಿಯ ಅಕ್ಕ ಹೊನ್ನಮ್ಮ